ಕಣ್ಣಿನ ಪೇಪರಲ್ಲಿ ನಾನು ಬಿಟ್ಟ ಆರು ಸಾಲು

ಬೆಂಗಳೂರಲ್ಲಿ ಮೊದಲ್ನೇ ಬೆಳಿಗ್ಗೆ ನನ್ನನ್ನ ನೋಡಿದ್ದು ಹನ್ನೊಂದು ಕಣ್ಣು. ಹಲ್ಲುಜ್ಜೋಕೆ ಉಪ್ಪು ಹುಡುಕ್ತಾ ಇದ್ದೆ. ಷೆಲ್ಫಲ್ಲಿ ಒಂದು ಪಿಂಗಾಣಿ ಬಟ್ಟಲು ಕಾಣ್ತು, ಮುಚ್ಚಳ ಎತ್ತಿದೆ. ನೀರಲ್ಲಿ ಆಡಿನ ಕಣ್ಣುಗಳು, ದೊಡ್ಡ ನೆಲ್ಲಿಕಾಯಿ ಗಾತ್ರದವು. ಕೆಲವು ನನ್ನ ಕಡೆ ನೋಡ್ತಾ ಇದ್ವು, ಕೆಲವು ಗೋಡೆ ಕಡೆ. ಮುಚ್ಚಳ ಕೈ ಜಾರಿ ಎರಡು ಹೋಳಾಯ್ತು.

ನನಗೆ ಕೆಲಸ ಕೊಟ್ಟ ಡಾಕ್ಟರಮ್ಮ ಒಳಗಿಂದ ಬಂದ್ರು. ಮೊದಲು ಬಟ್ಟಲು ನೋಡಿದ್ರು, ಆಮೇಲೆ ನನ್ನನ್ನ.

"ಎಣಿಸಿದ್ರಾ? ಹನ್ನೊಂದೇ ಇರೋದು. ಹನ್ನೆರಡನೇದು ಮೈಕ್ರೋಸ್ಕೋಪ್ ಹತ್ರ ಇದೆ, ಗಾಬರಿ ಆಗ್ಬೇಡಿ," ಅಂದ್ರು.

ನಾನು ಕೊರಳಲ್ಲಿ ಲಿಂಗ ಕಟ್ಕೊಂಡೋನು. ನಮ್ಮನೇಲಿ ಊಟಕ್ಕೆ ಕೂತಾಗ ಮೊಟ್ಟೆ ಅನ್ನೋ ಮಾತು ಕೂಡ ಆಡಲ್ಲ. ಗಾಬರಿ ಆಗ್ಬೇಡಿ ಅಂತೆ.

ಜಗಳೂರಿನ ನಮ್ಮ ವಾಚನಾಲಯದೋರು "ರುದ್ರಪ್ಪ, ಬೆಂಗಳೂರಲ್ಲಿ ಹೇಗಿದೀಯ, ಬರೆದು ಕಳಿಸು, ನಮ್ಮ ಸಂಚಿಕೇಲಿ ಹಾಕ್ತೀವಿ" ಅಂತ ಎರಡು ಸಲ ಕಾಗದ ಹಾಕಿದಾರೆ. ಹೇಗಿದೀನಿ ಅಂದ್ರೆ, ಸಾಕಾಗಿ ಹೋಗಿದೆ. ಆದ್ರೂ ಬರೀತೀನಿ. ನನ್ನನ್ನ ಅರಿಯದೋರಿಗೆ ಇಷ್ಟು ಹೇಳಿದ್ರೆ ಸಾಕು: ಹನ್ನೆರಡನೇ ವಯಸ್ಸಲ್ಲಿ ಒಂದನೇ ಕ್ಲಾಸಿಗೆ ಸೇರಿದೋನು ನಾನು. ಅದಕ್ಕೂ ಮುಂಚೆ ಅಕ್ಷರ ಕಲಿಸಿದ್ದು ನಮ್ಮಕ್ಕ ಗೌರಕ್ಕ, ಬೂದಿ ಮೇಲೆ ಬೆರಳಲ್ಲಿ ಬರೆಸಿ. ಇಪ್ಪತ್ತಾರಕ್ಕೆ ಎಸ್ಸೆಸ್ಸೆಲ್ಸಿ ಆಯ್ತು. ದಾವಣಗೆರೇಲಿ ಟೈಪಿಂಗ್ ಕಲಿತೆ. ನಿಧಾನಕ್ಕೆ ಹೊಡೀತೀನಿ, ತಪ್ಪು ಕಮ್ಮಿ. ಡಾಕ್ಟರಮ್ಮಂಗೆ ಅಂಥೋನೇ ಬೇಕಿತ್ತು.

ಅವರು ಕಣ್ಣಾಸ್ಪತ್ರೆ ನೌಕರಿಯಿಂದ ರಿಟೈರಾದೋರು. ಈಗ ರಾಜಾಜಿನಗರದ ಮನೇಲಿ ಮೈಕ್ರೋಸ್ಕೋಪ್ ಇಟ್ಕೊಂಡು ಕಣ್ಣಿನ ಕಾಯಿಲೆ ಮೇಲೆ ಸಂಶೋಧನೆ ಮಾಡ್ತಾರೆ. ಅದನ್ನ ಇಂಗ್ಲಿಷಲ್ಲಿ ಬರೆದು ಹೊರದೇಶದ ಪತ್ರಿಕೆಗೆ ಕಳಿಸೋದು. ಅದಕ್ಕೆ ‘ಪೇಪರ್’ ಅಂತಾರೆ. ನಮ್ಮ ಕಡೆ ಪೇಪರ್ ಅಂದ್ರೆ ಮಂಡಕ್ಕಿ ಕಟ್ಟಿಕೊಡೋದು. ಇಲ್ಲಿ ಒಂದು ಪೇಪರಿಗೆ ನಾಲ್ಕು ವರ್ಷ. ಟೈಪ್ ಮಾಡೋ ಕೆಲಸ ನಂದು, ಮನೆ ಹಿಂದಿನ ಕೋಣೆ ನಂದು. ಕೆಲಸ ಹೋದ್ರೆ ಕೋಣೇನೂ ಹೋಯ್ತು. ಬೇರೆ ಕೋಣೆ ಹುಡುಕೋಣ ಅಂದ್ರೆ, ಇಲ್ಲಿ ಮನೆಗಳೇ ಇಲ್ಲ.

ನಿಜವಾಗ್ಲೂ ಇಲ್ಲ. ರಾಜಾಜಿನಗರ ಅಂತ ಹೆಸರಿಟ್ಟಿದಾರೆ, ನಗರ ಇನ್ನೂ ಬಂದಿಲ್ಲ. ಬಯಲಲ್ಲಿ ಕಲ್ಲು ನೆಟ್ಟಿದಾರೆ. ಕಲ್ಲುಗಳ ಮಧ್ಯದ ಜಾಗಕ್ಕೆ ‘ಸೈಟು’. ಉದ್ದ ರಸ್ತೆಗೆ ‘ಮೇನು’, ಅಡ್ಡ ರಸ್ತೆಗೆ ‘ಕ್ರಾಸು’, ಎಲ್ಲಕ್ಕೂ ನಂಬರು. ಬಂದ ದಿನ ತಲೆ ಮೇಲೆ ಟ್ರಂಕ್ ಹೊತ್ಕೊಂಡು ಮಧ್ಯಾಹ್ನ ಎಲ್ಲಾ ನಂಬರ್ ಹುಡುಕಿದೀನಿ. ಕೇಳಿದೋರೆಲ್ಲಾ "ಎಷ್ಟನೇ ಕ್ರಾಸು?" ಅಂತಾರೇ ಹೊರತು "ಯಾರ ಮನೆ?" ಅಂತ ಒಬ್ಬರೂ ಕೇಳಲ್ಲ. ನಮ್ಮೂರಲ್ಲಿ ಬೇವಿನಮರದ ಮನೆ ಸಿದ್ದಮ್ಮ ಅಂದ್ರೆ ಕಣ್ಣು ಕಾಣದೋರೂ ಕೈ ಹಿಡಿದು ತಂದು ಬಿಡ್ತಾರೆ. ಸಿದ್ದಮ್ಮ ಅಂದ್ರೆ ನಮ್ಮವ್ವ.

ಊಟದ್ದು ಇನ್ನೊಂದು ಗೋಳು. ರೊಟ್ಟಿಗೆ ಜೋಳ ಬೇಕು ಅಂದ್ರೆ ಅಂಗಡಿಯೋನು "ಯಾವ ಹಕ್ಕಿ ಸಾಕಿದೀರಾ ಸ್ವಾಮಿ?" ಅಂದ. ಇಲ್ಲಿ ರಾಗಿಮುದ್ದೆ. ಅಗೀಬಾರ್ದು, ನುಂಗ್ಬೇಕು. ಮೂವತ್ತು ವರ್ಷ ಅಗಿದು ಅಗಿದು ಬೆಳೆದ ದವಡೆ ಇದು, ಏನ್ ಮಾಡ್ಲಿ. ಮೊದಲ್ನೇ ತಿಂಗಳು ಮುದ್ದೆ ಹಲ್ಲಿಗೆ ಅಂಟಿ ಅರ್ಧ ಗಂಟೆ ಬಾಯಿ ಬಿಡೋಕಾಗ್ತಿರ್ಲಿಲ್ಲ. ಡಾಕ್ಟರಮ್ಮ ಆಗಲೇ ಕರೆದು "ಈ ಪುಟ ಯಾಕೆ ಸೊಟ್ಟ?" ಅಂತ ಕೇಳೋರು.

ಭಾಷೆ ಅಂತೂ ಕೇಳ್ಬೇಡಿ. ಎಲ್ಲಾ ಕನ್ನಡಾನೇ, ಆದ್ರೂ ಅರ್ಥ ಆಗಲ್ಲ. ‘ವಸಿ’ ಅಂದ್ರೆ ಸ್ವಲ್ಪ. ವಸಿ ದೂರ ಅಂದ್ರೆ ಎರಡು ಮೈಲಿ. ನಾನು "ಬರ್ರಿ" ಅಂದ್ರೆ ಬೈದ ಹಾಗೆ ಕೇಳುತ್ತಂತೆ. ಹೇಳಿದ್ದು ಕೆಂಪಮ್ಮ. ಸಾಣೆಗುರುವನಹಳ್ಳಿಯಿಂದ ದಿನಾ ಹಾಲು ತರ್ತಾಳೆ, ನನ್ನನ್ನ ಆಡ್ಕೊಂಡು ನಗೋದು ಹಾಲಿನ ಜೊತೆ ಕೊಸರು.

ಬಂದ ಎರಡನೇ ವಾರಕ್ಕೆ ಆಡಿನ ಕಣ್ಣು ತರೋ ಕೆಲಸಾನೂ ನನ್ನ ತಲೆ ಮೇಲೇ ಬಿತ್ತು. ಮಾಗಡಿ ರಸ್ತೆ ಮಾಂಸದಂಗಡಿಯಿಂದ ಟಿಫನ್ ಕ್ಯಾರಿಯರ್‌ನಲ್ಲಿ ತರ್ಬೇಕು, ಬಿಸಿ ಆರೋ ಮುಂಚೆ. ಅಂಗಡಿ ಮುಂದೆ ಮುಖ ಆ ಕಡೆ ತಿರುಗಿಸಿ ಕ್ಯಾರಿಯರ್ ಈ ಕಡೆ ಚಾಚ್ತಿದ್ದೆ. ವಾಪಸ್ ಬಂದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಆಮೇಲೆ ಟೈಪಿಗೆ. ಒಂದು ದಿನ ಗೇಟಲ್ಲಿ ಕೆಂಪಮ್ಮ ಹಿಡ್ಕೊಂಡ್ಲು.

"ಏನ್ ಐನೋರೇ, ಕ್ಯಾರಿಯರ್‌ನಾಗೆ ಏನ್ ಸಾರು?"

"ಕಣ್ಣು ಕಣಮ್ಮ."

"ಯಾರ್ ಕಣ್ಣು?"

"ಆಡಿಂದು."

ಮುಚ್ಚಳ ತೆಗೆದು ನೋಡಿದ್ಲು. "ಅಲ್ಲ ಸ್ವಾಮಿ, ತಲೆ ಬುಟ್ಟು ಬರೀ ಕಣ್ಣು ತರ್ತೀರಲ್ಲ, ನಿಮಗೆ ಯಾಪಾರ ಗೊತ್ತಿಲ್ಲ ಬುಡಿ," ಅಂದ್ಲು. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದ್ಲು. "ಯಾಕ್ ಅಂಗ್ ಇದೀರಾ? ಊರು ಗ್ಯಾಪ್ಕ ಬಂತಾ?"

ಬಂತು, ಈ ಊರಲ್ಲಿ ನಂದು ಅನ್ನೋದು ಏನೂ ಇಲ್ಲ ಅಂದೆ.

"ನಿಮ್ಮ ಟೈಪು ಕುಟ್ಟೋ ಕೋಣೆ ಐತಲ್ಲ, ಅಲ್ಲೇಯಾ ನಮ್ಮ ರಾಗಿ ಕಣ ಇದ್ದಿದ್ದು. ನೀವು ಎಲ್ಲಿಂದ್ಲೋ ಬಂದು ಒಳಗೆ ಕುಂತಿದೀರಾ. ನಾನು ಇಲ್ಲೇ ಹುಟ್ಟಿ ಗೇಟಿನಾಚೆ ನಿಂತ್ಕಂಡು ಹಾಲು ಅಳೀತೀನಿ. ನಿಮಗೇನ್ ಕಡಿಮೆ ಆಗಿರೋದು?"

ಅವಳ ಮುಂದೆ ಗೋಳು ಹೇಳ್ಕೊಳೋಕೂ ಬಾಯಿ ಬರಲ್ಲ.

ಪೇಪರಿನ ವಿಷಯಕ್ಕೆ ಬರ್ತೀನಿ. ನಮ್ಮ ಕಣ್ಣಿನ ಕರಿಗುಡ್ಡೆ ಮೇಲೆ ಗಾಜಿನಂಥ ಪೊರೆ ಇರುತ್ತೆ. ಆ ಪೊರೆ ಮೇಲೆ ಜೀವಕೋಶಗಳು ಹೆಂಚು ಜೋಡಿಸಿದ ಹಾಗೆ ಒತ್ತೊತ್ತಾಗಿ ಇರ್ತವೆ. ಗೀರು ಬಿದ್ರೆ ಅಷ್ಟಗಲ ಬಯಲಾಗುತ್ತೆ. ಆಗ ಗಾಯದ ಅಂಚಲ್ಲಿರೋ ಕೋಶಗಳು ಚಪ್ಪಟೆಯಾಗಿ, ಇದ್ದ ಜಾಗ ಬಿಟ್ಟು ಜಾರ್ಕೊಂಡು ಬಂದು ಬಯಲು ಮುಚ್ತವೆ. ಒಂದೊಂದೇ ಬರಲ್ಲ, ಪಕ್ಕದ್ದರ ಕೈ ಬಿಡದೆ ಎಲ್ಲಾ ಒಟ್ಟಿಗೆ ಬರ್ತವೆ. ಡಾಕ್ಟರಮ್ಮ ಆಡಿನ ಕಣ್ಣಿಗೆ ಸಣ್ಣ ಗೀರು ಎಳೆದು, ಬೆಚ್ಚಗಿಟ್ಟು, ಗಂಟೆಗೊಂದು ಸಲ ಒಂದೊಂದು ಕಣ್ಣು ತೆಗೆದು ನೋಡ್ತಿದ್ರು. ಅಂಚು ಸರಿಯಾಗಿ ನಡೆದ್ರೆ ಕಣ್ಣು ಉಳೀತು. ಅಂಚು ಕೆಟ್ರೆ ಗಾಯ ಹುಣ್ಣಾಗಿ ಹೂ ಬೀಳುತ್ತೆ. ಹೂ ಅಂದ್ರೆ ಬಿಳೀ ಕಲೆ, ನಮ್ಮ ಕಡೆ ಎಲ್ಲರಿಗೂ ಗೊತ್ತು.

ನನಗೂ ತೋರಿಸಿದ್ರು. "ಅಂಚು ನೋಡಿ ರುದ್ರಪ್ಪ, ಹೊರಟಿದಾವೆ." ನನಗೆ ಕಂಡಿದ್ದು ನನ್ನ ರೆಪ್ಪೆ ಕೂದಲು.

ವಿಷಯ ದೊಡ್ಡದೇ, ಟೈಪ್ ಮಾಡೋನ ಪಾಡು ಕೇಳೋರಿಲ್ಲ. ನಾಲ್ಕು ಹಾಳೆ, ಮಧ್ಯ ಮೂರು ಕಾರ್ಬನ್. ಒಂದಕ್ಷರ ತಪ್ಪಿದ್ರೆ ನಾಲ್ಕೂ ಕಡೆ ಉಜ್ಜಬೇಕು. ಹತ್ತು ಪುಟ ಮುಗಿಸಿ ಕೊಟ್ರೆ, ‘ಆಗುತ್ತದೆ’ ಅಂತಿರೋದು ‘ಆಗುವಂತೆ ಕಾಣುತ್ತದೆ’ ಆಗ್ಬೇಕು ಅನ್ನೋರು. ಕಣ್ಣಾರೆ ನೋಡಿದೀರಲ್ಲಮ್ಮಾ ಅಂದ್ರೆ "ನೋಡಿದ್ದಕ್ಕೇ ಹೆದರಿಕೆ" ಅನ್ನೋರು. ಮತ್ತೆ ಮೊದಲಿಂದ. ಹಾಗೂ ಹೀಗೂ ಕಳಿಸಿದ್ರೆ ಪತ್ರಿಕೆಯೋರು ಅದನ್ನ ಓದದೇ ವಾಪಸ್ ಮಾಡಿದ್ರು. ಸಾಲಿನ ಮಧ್ಯ ಜಾಗ ಸಾಲ್ದು, ದೂರ ದೂರ ಟೈಪ್ ಮಾಡಿ ಕಳಿಸಿ ಅಂತ. ಕಾಗದ ಉಳೀಲಿ ಅಂತ ನಾನೇ ಒತ್ತೊತ್ತಾಗಿ ಹೊಡೆದಿದ್ದೆ. ಮನೇಲಿ ಹಾಳೆಯ ಎರಡು ಕಡೆ, ಅಂಚು ಬಿಡದೆ ಬರೆದು ಕಲಿತೋನು ನಾನು. ಖಾಲಿ ಜಾಗ ಕಂಡ್ರೆ ಹೊಟ್ಟೆ ಉರಿಯುತ್ತೆ.

ಹಾಗೆ ಇನ್ನೊಂದು ಸಲ, ದೂರ ದೂರ ಹದಿನಾರು ಪುಟ ಟೈಪ್ ಮಾಡ್ವಾಗ ಒಂಬತ್ತನೇ ಪುಟದಲ್ಲಿ ಹೊಸದಾಗಿ ಆರು ಸಾಲು ಬಂದಿತ್ತು. ಡಾಕ್ಟರಮ್ಮ ಕೈಯಲ್ಲಿ ಬರೆದು ಅಂಟಿಸಿದ್ರು. ಆಸ್ಪತ್ರೇಲಿ ನೋಡಿದ ರೋಗಿಗಳ ವಿಷಯ. ಕನ್ನಡದಲ್ಲಿ ಹೇಳೋದಾದ್ರೆ: ಹಳ್ಳಿಗಳ ಅಜ್ಞಾನಿ ಹೆಂಗಸರು ಕಣ್ಣಿಗೆ ಬಿದ್ದ ಹೊಟ್ಟು ರವದಿಯನ್ನ ನಾಲಿಗೆಯಿಂದ ತೆಗೆದು, ಆಮೇಲೆ ಸೊಪ್ಪಿನ ರಸ ಹಿಂಡ್ತಾರೆ, ಅಂಥೋರ ಕೈಗೆ ಸಿಕ್ಕಿ ಬಂದ ಕಣ್ಣುಗಳಲ್ಲಿ ಹೆಚ್ಚಿನವು ಉಳೀಲಿಲ್ಲ.

ಟೈಪ್ ನಿಲ್ಲಿಸಿದೆ.

ಜಗಳೂರಿನೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಸುಗ್ಗೀಲಿ ಜೋಳ ತೂರ್ವಾಗ ಕಣ್ಣಿಗೆ ರವದಿ ಬಿದ್ದೋರೆಲ್ಲಾ ಬರೋದು ನಮ್ಮ ಕಟ್ಟೆಗೆ. ಅವ್ವ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ರೆಪ್ಪೆ ಎತ್ತಿ ಹಿಡಿದು ನಾಲಿಗೆ ತುದೀಲಿ ರವದಿ ತೆಗೀತಾಳೆ. ಆಮೇಲೆ ಬೇಲಿ ಸೊಪ್ಪಿನ ರಸ ಎರಡು ಹನಿ. ಸೊಪ್ಪಿನ ಹೆಸರು ಬೇಕಂತಲೇ ಬರೆದಿಲ್ಲ, ಓದಿದೋರು ಹಾಕ್ಕೊಂಡಾರು. ಬಂದೋರ ಕೈಯಿಂದ ಒಂದು ಎಲೆ ಅಡಿಕೆ ಕೂಡ ತಗೊಂಡೋಳಲ್ಲ ಅವಳು. ತಲೆ ಅಲ್ಲಾಡದ ಹಾಗೆ ಹಿಡ್ಕೊಳೋದು ನನ್ನ ಕೆಲಸ ಆಗಿತ್ತು.

ಡಿಕ್ಷನರಿ ತೆಗೆದು ಆ ಇಂಗ್ಲಿಷ್ ಪದ ಮತ್ತೆ ನೋಡಿದೆ, ಬೇರೆ ಅರ್ಥ ಏನಾದ್ರೂ ಇದೆಯಾ ಅಂತ. ಅಜ್ಞಾನಿ, ತಿಳಿಗೇಡಿ. ಬೇರೆ ಇರ್ಲಿಲ್ಲ. ಆಮೇಲೆ ಗೌರಕ್ಕನ ಎಡಗಣ್ಣು ನೆನಪಾಯ್ತು. ಅದರಲ್ಲಿ ಹೂ ಇದೆ. ನನಗೆ ಐದಾರು ವರ್ಷ ಇದ್ದಾಗ ರವದಿ ಬಿದ್ದಿದ್ದು. ಹಣೆಬರಹ ಅಂತ ನಾವು ಸುಮ್ನಾಗಿದ್ವಿ. ಹಣೆಬರಹಕ್ಕೂ ಸೊಪ್ಪಿಗೂ ಗಂಟು ಹಾಕಿ ನಾನು ಯಾವತ್ತೂ ನೋಡಿರ್ಲಿಲ್ಲ. ಅವತ್ತೂ ನೋಡೋಕೆ ಇಷ್ಟ ಆಗ್ಲಿಲ್ಲ.

ಆರು ಸಾಲು ಬಿಟ್ಟು ಮುಂದಿನ ಸಾಲಿಗೆ ಹೋದೆ.

ಡಾಕ್ಟರಮ್ಮ ಎಷ್ಟೋ ಸಲ ಓದಿ ಓದಿ ಬೇಸತ್ತಿದ್ರು, ಅಂಕಿ ಅಂಶ ಮಾತ್ರ ನೋಡಿ ಸಹಿ ಹಾಕಿದ್ರು. "ಅಕ್ಷರಕ್ಕೆ ನೀವಿದೀರಲ್ಲ," ಅಂದ್ರು. ಆ ಮಾತು ಕೇಳಿಸ್ಕೊಂಡೇ ಲಕೋಟೆ ಅಂಟಿಸಿದೆ. ರಿಜಿಸ್ಟರ್ ಪೋಸ್ಟ್ ಮಾಡಿ ಬಂದೆ.

ನಾಲ್ಕು ತಿಂಗಳಾದ ಮೇಲೆ ಪತ್ರಿಕೆಯಿಂದ ಕಾಗದ ಬಂತು. ಅದನ್ನ ಓದಿ ಅವರು ನನ್ನನ್ನ ಕರೆದ್ರು.

"ರುದ್ರಪ್ಪ, ಹದಿನಾಲ್ಕನೇ ಪುಟದಲ್ಲಿ ‘ಮೇಲೆ ಹೇಳಿದ ಹೆಂಗಸರು’ ಅಂತಿದೆಯಂತೆ. ಮೇಲೆ ಯಾವ ಹೆಂಗಸರನ್ನೂ ಹೇಳಿಲ್ಲ, ಯಾರವರು ಅಂತ ಕೇಳಿದಾರೆ."

ಕೊನೇಲಿ ಇನ್ನೊಂದು ಸಲ ಆ ಹೆಂಗಸರ ಮಾತು ಬರುತ್ತೆ ಅನ್ನೋದೇ ನನಗೆ ಹೊಳೆದಿರ್ಲಿಲ್ಲ. ಹದಿನಾಲ್ಕನೇ ಪುಟ ನಾನೇ ಟೈಪ್ ಮಾಡಿದ್ದು.

"ಒಂಬತ್ತನೇ ಪುಟದಲ್ಲಿ ಇದ್ರಲ್ಲ, ಎಲ್ಲಿ ಹೋದ್ರು?"

"ಬಿಟ್ಟೆ ಅಮ್ಮಾ."

"ಕಣ್ತಪ್ಪಿ?"

ಹೂಂ ಅಂದಿದ್ರೆ ಅಲ್ಲಿಗೇ ಮುಗೀತಿತ್ತು. "ಅಲ್ಲ, ಬೇಕಂತಲೇ ಬಿಟ್ಟೆ. ಅವರಲ್ಲಿ ಒಬ್ಬಳು ನಮ್ಮವ್ವ."

ಅವರು ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ ಮತ್ತೆ ಹಾಕ್ಕೊಂಡ್ರು. "ಪ್ರತಿ ಸುಗ್ಗೀಲೂ ಆ ಕಣ್ಣುಗಳನ್ನ ನೋಡಿದೀನಿ ನಾನು. ಕೆಲವು ತೆಗೆದೇ ಹಾಕ್ಬೇಕಾಗ್ತಿತ್ತು. ನಿಮ್ಮವ್ವ ಒಳ್ಳೆಯವರು ಅಂದ್ರೆ ಅವು ವಾಪಸ್ ಬರ್ತವಾ?"

"ಬರಲ್ಲ."

"ಮತ್ತೆ? ಗೊತ್ತಿಲ್ಲದೋರನ್ನ ಗೊತ್ತಿಲ್ಲದೋರು ಅನ್ನದೆ ಏನಂತ ಬರೀಲಿ?"

"ಡಾಕ್ಟರಿಲ್ಲದ ಊರಿನೋರು ಅಂತ ಬರೀರಿ. ನಮ್ಮೂರಿಂದ ಕಣ್ಣಿನ ಡಾಕ್ಟರ್ ಹತ್ರ ಬರೋಕೆ ಒಂದೂವರೆ ದಿನ. ಕಣ್ಣಲ್ಲಿ ರವದಿ ಇಟ್ಕೊಂಡು ಒಂದೂವರೆ ದಿನ ನೀವು ಕೂತ್ಕೊಳ್ರಿ ನೋಡೋಣ."

ಅವರ ಮುಂದೆ ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿದೋನಲ್ಲ. ಮನಸ್ಸಲ್ಲೇ ಟ್ರಂಕಿಗೆ ಬಟ್ಟೆ ತುಂಬ್ತಾ ಇದ್ದೆ. ಡಾಕ್ಟರಮ್ಮ ಮಾತ್ರ ನನ್ನ ಕಡೆ ನೋಡ್ಲಿಲ್ಲ, ಕಿಟಕಿ ಆಚೆ ಬೇಲಿ ನೋಡ್ತಿದ್ರು.

"ಯಾವ ಸೊಪ್ಪು?" ಅಂದ್ರು.

"ಆ?"

"ನಿಮ್ಮವ್ವ ಹಿಂಡೋದು ಯಾವ ಸೊಪ್ಪು? ಇಲ್ಲಿ ಸಿಗುತ್ತಾ? ನಾನು ರೋಗಿಗಳನ್ನ ನೋಡಿದೀನಿ, ಸೊಪ್ಪನ್ನ ನೋಡಿಲ್ಲ. ಹಾಗೆ ನೋಡಿದ್ರೆ ಆ ಆರು ಸಾಲಲ್ಲಿ ನಾನೂ ಗೊತ್ತಿಲ್ದೇನೇ ಬರೆದಿರೋದು."

ಸೊಪ್ಪು ತಂದಿದ್ದು ಕೆಂಪಮ್ಮ. "ಕಣ್ಣಿಗಾ? ನಮ್ಮತ್ತೇನೂ ಹಾಕೋರು," ಅಂದ್ಲು. ಹಾಕಿದ ಮೇಲೆ ಕಣ್ಣು ಕಾಣ್ತಿತ್ತಾ ಅಂತ ಕೇಳಿದೆ. "ಕಂಡೋರೂ ಅವ್ರೆ, ಕಾಣ್ದೋರೂ ಅವ್ರೆ. ಲೆಕ್ಕ ಯಾರ್ ಮಡಗಿದ್ರು?"

ಅವ್ವ ಮಾಡೋ ಹಾಗೇ ಅಂಗೈಯಲ್ಲಿ ತಿಕ್ಕಿ, ಬಟ್ಟೇಲಿ ಹಿಂಡಿ ರಸ ತೆಗೆದೆ. ಹನ್ನೆರಡು ಕಣ್ಣಿಗೂ ಡಾಕ್ಟರಮ್ಮ ಗೀರು ಎಳೆದ್ರು. ಆರಕ್ಕೆ ಬರೀ ಉಪ್ಪುನೀರು, ಆರಕ್ಕೆ ನನ್ನ ಕೈಯಿಂದಲೇ ಎರಡೆರಡು ಹನಿ ರಸ. ಕೆಲವು ಗಂಟೆ ಬಿಟ್ಟು ಒಂದೊಂದೇ ನೋಡಿದ್ವಿ. ಈ ಸಲ ನನಗೆ ರೆಪ್ಪೆ ಕೂದಲು ಕಾಣ್ಲಿಲ್ಲ. ಉಪ್ಪುನೀರಿನ ಕಣ್ಣಲ್ಲಿ ಅಂಚು ಮುಂದೆ ಬಂದಿತ್ತು, ನೆರೆದ ಜನ ಒಟ್ಟಿಗೆ ಹೆಜ್ಜೆ ಇಟ್ಟ ಹಾಗೆ. ಸೊಪ್ಪಿನ ಕಣ್ಣಲ್ಲಿ ಅಂಚು ಸುಟ್ಟ ಕಾಗದದ ಹಾಗೆ ಸುರುಟಿ ನಿಂತಿತ್ತು. ಎರಡನೇದೂ ಹಾಗೇ. ಮೂರನೇದೂ.

"ಇನ್ನೊಂದು ದಿನ ಮಾಡೋಣ, ಇವತ್ತಿನ ಸೊಪ್ಪು ಕೆಟ್ಟಿರಬಹುದು," ಅಂದೆ.

"ಮಾಡೋಣ," ಅಂದ್ರು ಡಾಕ್ಟರಮ್ಮ. ಏಳು ದಿನ ಮಾಡಿದ್ವಿ. ಏಳು ದಿನಾನೂ ಕ್ಯಾರಿಯರ್ ಹೊತ್ತೋನು ನಾನೇ. ಅಂಚು ಏಳು ದಿನಾನೂ ಸುರುಟಿತ್ತು. ಕೊನೇ ದಿನ ಅವರು ಇನ್ನೊಂದು ಮಾತೂ ಹೇಳಿದ್ರು. ನಾಲಿಗೇಲಿ ತೆಗೆಯೋದೂ ಒಳ್ಳೇದಲ್ಲ, ಬಾಯಿ ಕೊಳೆ ಗಾಯಕ್ಕೆ ಸೇರುತ್ತೆ, ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ತೊಳೀಲಿ, ಆಮೇಲೆ ಡಾಕ್ಟರ್ ಹತ್ರ ಕಳಿಸ್ಲಿ ಅಂತ.

ಅದೆಲ್ಲಾ ಸೇರಿ ಪೇಪರ್ ಇಪ್ಪತ್ತೊಂದು ಪುಟ ಆಯ್ತು. ಅಷ್ಟನ್ನೂ ನಾಲ್ಕು ಪ್ರತಿ, ದೂರ ದೂರ ಸಾಲು. ಆರು ಸಾಲು ಬಿಟ್ಟಿದ್ದಕ್ಕೆ ಐದು ಪುಟ ದಂಡ. ‘ಅಜ್ಞಾನಿ ಹೆಂಗಸರು’ ಇದ್ದ ಕಡೆ ಡಾಕ್ಟರಮ್ಮ ಏನೂ ಹೇಳದೆ ಹೊಡೆದು ಹಾಕಿ ‘ಡಾಕ್ಟರಿಲ್ಲದ ಊರುಗಳ ಹೆಂಗಸರು’ ಅಂತ ಬರೆದಿದ್ರು. ಮಿಕ್ಕ ಮಾತು ಹಾಗೇ ಇತ್ತು. ಈ ಸಲ ಒಂದು ಚುಕ್ಕೆ ಬಿಡದೆ ಟೈಪ್ ಮಾಡಿದೆ.

ಪೇಪರ್ ಅಚ್ಚಾಗಿ ಬಂತು. ಕೊನೇಲಿ ಇರುವೆ ಗಾತ್ರದ ಅಕ್ಷರದಲ್ಲಿ, ಸೊಪ್ಪಿನ ರಸ ತಯಾರಿಸಿಕೊಟ್ಟ ಶ್ರೀ ರುದ್ರಪ್ಪ ಅವರಿಗೆ ಕೃತಜ್ಞತೆ ಅಂತಿದೆ. ಎರಡೂವರೆ ವರ್ಷ ಟೈಪ್ ಮಾಡಿದ್ದಕ್ಕೆ ಒಂದು ಮಾತಿಲ್ಲ, ಸೊಪ್ಪು ಹಿಂಡಿದ್ದಕ್ಕೆ ಹೆಸರು. ಆದ್ರೂ ಆ ಪುಟ ಎಷ್ಟು ಸಲ ತೆಗೆದು ನೋಡಿದೀನಿ ಅಂತ ಹೇಳೋಕೆ ನಾಚಿಕೆ.

ಹೋದ ಸುಗ್ಗೀಲಿ ಅದನ್ನ ಹಿಡ್ಕೊಂಡು ಊರಿಗೆ ಬಂದೆ. ಹೇಗೆ ಹೇಳೋದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದಿದ್ದೆ. ಬಂದ ಮಧ್ಯಾಹ್ನವೇ ಕೆಳಗೇರಿಯ ಹನುಮಂತಪ್ಪ ಕಣ್ಣು ಮುಚ್ಕೊಂಡು ಕಟ್ಟೆಗೆ ಬಂದು ಕೂತ. ನಾನು ತಡೆದೆ. ನೀರು ಕಾಯಿಸಿ, ಉಪ್ಪು ಹಾಕಿ, ಆರಿಸಿ, ಗಿಂಡೀಲಿ ಹುಯ್ದೆ. ಒಂದು ಗಿಂಡಿ, ಎರಡು ಗಿಂಡಿ. ರವದಿ ರೆಪ್ಪೆ ಒಳಗೆ ಕಚ್ಕೊಂಡಿತ್ತು, ಬರ್ಲಿಲ್ಲ. ಅವನು ನೋವಿಗೆ ಕಾಲು ಬಡೀತಿದ್ದ.

"ಬೆಂಗಳೂರಿನ ವಿದ್ಯೆ ಮುಗೀತೇನಪ್ಪ?" ಅಂದ್ಲು ಅವ್ವ.

ಕಣ್ಣಿನ ಡಾಕ್ಟರ್ ಹತ್ರ ಹೋಗೋಣ ಅಂದ್ರೆ ದಾವಣಗೆರೆ ಬಸ್ಸು ಮಾರನೇ ದಿನ ಬೆಳಿಗ್ಗೆ. ನಾನು ಹಿಂದೆ ಹೋಗಿ ಹನುಮಂತಪ್ಪನ ತಲೆ ಹಿಡ್ಕೊಂಡೆ, ಮುಂಚಿನ ಹಾಗೇ. ಅವ್ವ ಬಾಯಿ ಮುಕ್ಕಳಿಸಿ ಬಗ್ಗಿದ್ಲು. ಒಂದು ಗಳಿಗೆ ಅಷ್ಟೆ, ನಾಲಿಗೆ ತುದೀಲಿ ರವದಿ ಬಂತು. ಸೊಪ್ಪಿನ ರಸದ ಬಟ್ಟಲಿಗೆ ಅವಳು ಕೈ ಹಾಕಿದಾಗ ನಾನು ಬಟ್ಟಲಿನ ಮೇಲೆ ಅಂಗೈ ಇಟ್ಟೆ.

"ಇದು ಬ್ಯಾಡವ್ವ. ನಾನೇ ಹಿಂಡಿ ನೋಡೀನಿ. ಗಾಯ ಮಾಯಲ್ಲ ಇದರಿಂದ."

ನನ್ನ ಮುಖಾನೇ ನೋಡಿದ್ಲು. ಆಮೇಲೆ ಬಟ್ಟಲು ಎತ್ಕೊಂಡು ಹೋಗಿ ಬೇವಿನ ಮರದ ಬುಡಕ್ಕೆ ಚೆಲ್ಲಿದ್ಲು. ಹನುಮಂತಪ್ಪನ ಕಣ್ಣಿಗೆ ಒಗೆದ ಬಟ್ಟೆ ಕಟ್ಟಿದ್ಲು. ಬೆಳಿಗ್ಗೆ ನಾನು ಅವನನ್ನ ಕರ್ಕೊಂಡು ಹೊರಟಾಗ ಬಾಗಿಲ ತನಕ ಬಂದು ಮೆಲ್ಲಗೆ ಕೇಳಿದ್ಲು.

"ಗೌರಿ ಕಣ್ಣಿಗೂ ಅದನ್ನೇ ಹಾಕಿದ್ನಲ್ಲೋ, ಅದಕ್ಕೇ ಹೂ ಬಿತ್ತೇನೋ?"

"ಬಸ್ ಹೊರಡುತ್ತವ್ವ, ಹೊತ್ತಾತು," ಅಂದೆ.

ಹನುಮಂತಪ್ಪನ ಕಣ್ಣು ಉಳೀತು. ಈಗ ರಾಜಾಜಿನಗರದ ಕೋಣೇಲಿದೀನಿ, ಡಾಕ್ಟರಮ್ಮ ಇನ್ನೊಂದು ಪೇಪರ್ ಶುರು ಮಾಡಿದಾರೆ, ಮೊದ್ಲಷ್ಟೇ ತಲೆ ತಿನ್ತಾರೆ. "ನಿಮ್ಮವ್ವ ನಿಲ್ಲಿಸಿದ್ರಾ?" ಅಂತ ಕೇಳಿದ್ರು. ಸೊಪ್ಪು ನಿಲ್ಲಿಸಿದ್ಲು ಅಂದೆ. ನಾಲಿಗೆ ವಿಷಯ, ನಾನು ತಲೆ ಹಿಡ್ಕೊಂಡಿದ್ದು, ಹೇಳ್ಲಿಲ್ಲ. ಊರಲ್ಲೂ ಅಷ್ಟೆ, ಲಿಂಗ ಕಟ್ಕೊಂಡೋನು ಮಾಂಸದಂಗಡಿಗೆ ಕ್ಯಾರಿಯರ್ ಹೊತ್ಕೊಂಡು ಹೋಗ್ತಾನೆ ಅಂತ ಹೇಳಿಲ್ಲ. ಮುದ್ದೆ ಈಗ ಅಗಿಯದೆ ನುಂಗ್ತೀನಿ. ಊರಿಗೆ ಬಂದಾಗ ರೊಟ್ಟೀನೂ ಎರಡೇ ಸಲ ಅಗಿದು ನುಂಗಿ ಗಂಟಲು ಹಿಡೀತು. ಅಲ್ಲಿ ಅರ್ಧ ಬಿಟ್ಟು ಹೇಳ್ತೀನಿ, ಇಲ್ಲಿ ಅರ್ಧ ಬಿಟ್ಟು ಹೇಳ್ತೀನಿ. ಪೂರ್ತಿ ಬರೆದಿರೋದು ಇದೊಂದೇ ಕಡೆ.

ಸಂಚಿಕೆ ಬಂದ ದಿನ ಗೌರಕ್ಕ ಇದನ್ನ ಬಲಗಣ್ಣಿನ ಹತ್ರ ಹಿಡ್ಕೊಂಡು, ಕಟ್ಟೆ ಮೇಲೆ ಅವ್ವನ ಪಕ್ಕ ಕೂತು ಜೋರಾಗಿ ಓದಿ ಹೇಳ್ತಾಳೆ. ನನ್ನ ಕಾಗದಗಳನ್ನೆಲ್ಲಾ ಹಾಗೇ ಓದೋದು. ಅವ್ವನಿಗೆ ನೋವಾಗೋ ಜಾಗ ಬಂದ್ರೆ ಹಾರಿಸ್ಕೊಂಡು ಮುಂದೆ ಹೋಗ್ತಾಳೆ, ನನಗೆ ಗೊತ್ತು.

ಅಕ್ಕಾ, ಈ ಸಲ ಒಂದು ಸಾಲೂ ಬಿಡ್ಬೇಡ. ಅವ್ವ ಬಾಗಿಲಲ್ಲಿ ಕೇಳಿದ್ದಕ್ಕೆ ಹೌದು ಅನ್ನೋದೇ ಉತ್ತರ. ನಿನ್ನ ಬಾಯಿಂದ ಕೇಳಿದ್ರೆ ತಡ್ಕೊಳ್ತಾಳೆ.